ಏಣಿ, ತಕ್ಕಡಿ, ಉಣ್ಣೆಯ ಎಳೆ

ಹುಲಿಕುಂಟೆಯ ಓಬಳಮ್ಮನ ಗಂಡ ಸಣ್ಣರಂಗಯ್ಯ ತುಮಕೂರು ಜೈಲಿನಲ್ಲಿದ್ದ. ಪಟೇಲ ಮರುಳಸಿದ್ದಯ್ಯನ ಹುಲ್ಲುಗಾವಲಿಗೆ ಕುರಿ ಬಿಟ್ಟು, ತಡೆಯಲು ಬಂದ ಆಳಿನ ತಲೆ ಒಡೆದನೆಂದು ಕೇಸು. ಒಡೆದವನು ಬೇರೊಬ್ಬ, ಸಿಕ್ಕಿದವನು ಇವನು. ಫೀಸಿಲ್ಲದೆ ವಾದಿಸುತ್ತಿದ್ದವರು ಮಧುಗಿರಿಯ ವಕೀಲ ಶಂಕರಲಿಂಗಪ್ಪ. ಐವತ್ತೇಳರ ಚುನಾವಣೆಗೆ ಪಟೇಲ ನಿಂತ. ಅವನೆದುರು ವಕೀಲರೂ ನಿಂತರು.

ವಕೀಲರು ಓಟು ಕೇಳಲು ಬಂದಾಗ ಓಬಳಮ್ಮ ಹಾಲು ಮುಟ್ಟಿ ಮಾತು ಕೊಟ್ಟಳು. ಮಾರನೆಯ ದಿನ ಪಟೇಲ ಬಂದ. ಅವಳು ಕುರಿ ಕೂಡುತ್ತಿದ್ದ ರೊಪ್ಪ ಇದ್ದದ್ದು ಅವನ ಜಮೀನಿನಲ್ಲೇ.

"ಬಾಯ್ಮಾತು ಬ್ಯಾಡ. ನೀನು ನೂತ ಉಣ್ಣೆ ಎಳೆ ಚೀಟಿಗೆ ಸುತ್ತಿ ನನ್ನ ಪೆಟ್ಟಿಗೆಗೆ ಹಾಕು. ನಿನ್ನ ಕೈ ಹುರಿ ಊರಿಗೇ ಗೊತ್ತು. ಎಣಿಸೋವಾಗ ನಮ್ಮೋರು ಕುಂತಿರ್ತಾರೆ."

"ಕಾಣ್ದಿದ್ರೆ?"

"ರೊಪ್ಪ ಎಲ್ಲಿ ಹಾಕ್ಕಂತೀಯೋ ನೋಡ್ಕೋ."

ಆಗೆಲ್ಲ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪರದೆಯ ಹಿಂದೆ ಹೋಗಿ ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಬೇಕು. ಎಳೆ ಪಟೇಲನಿಗೆ, ಚೀಟಿ ವಕೀಲರಿಗೆ ಎಂದು ಓಬಳಮ್ಮ ಉಪಾಯ ಮಾಡಿಕೊಂಡಳು.

ಓಟಿನ ದಿನ ಸಾಲಿನಲ್ಲಿ ಮುಂದಿದ್ದ ರೇಣುಕಯ್ಯ ವಕೀಲರ ಕಡೆಯವನು.

"ಗೆದ್ರೆ ಕಾನೂನು ಮಂತ್ರಿ ಕಣಮ್ಮ ನಮ್ಮ ವಕೀಲ್ರು. ಸರ್ಕಾರಿ ಲಾಯರ್‌ಗಳೆಲ್ಲ ಅವರ ಮುಂದೆ ಕೈ ಕಟ್ಕಂಡು ನಿಂತ್ಕಬೇಕು."

"ಅಂಗಾದ್ರೆ ನಮ್ಮ ಯಜಮಾನ್ರ ಕೇಸು?"

"ಕೇಸು ಹಾಕಿರೋದೇ ಸರ್ಕಾರ. ಮಂತ್ರಿ ಹೋಗಿ ಸರ್ಕಾರದ ಮ್ಯಾಲೆ ವಾದ ಮಾಡಕ್ಕಾಯ್ತದಾ? ಬೇರೆ ಯಾರ್ನಾದ್ರೂ ಹಿಡ್ಕೋ."

"ಪುಕ್ಕಟೆ ಬರೋರು ಯಾರವ್ರೆ?"

"ಅದೂ ದಿಟವೇ," ಎಂದು ರೇಣುಕಯ್ಯ ಒಳಗೆ ಹೋದ.

ಪರದೆಯ ಹಿಂದೆ ಪಟೇಲನ ಏಣಿ ಗುರುತಿನ ಪೆಟ್ಟಿಗೆ, ಪಕ್ಕದಲ್ಲೇ ವಕೀಲರ ತಕ್ಕಡಿ ಗುರುತಿನ ಪೆಟ್ಟಿಗೆ. ತಕ್ಕಡಿಗೆ ಹಾಕಿದರೆ ವಕೀಲರು ಬೆಂಗಳೂರಿಗೆ ಹೋಗುತ್ತಾರೆ. ಏಣಿಗೆ ಹಾಕಿದರೆ ಗಂಡನನ್ನು ಜೈಲಿಗೆ ಕಳಿಸಿದವನನ್ನೇ ಗದ್ದುಗೆಗೆ ಕೂರಿಸಿದಂತೆ. ಹಾಲು ಮುಟ್ಟಿದ ಬೆರಳಿಗೇ ಮಸಿ ಹಚ್ಚಿದ್ದರು.

"ಆಯ್ತೇನಮ್ಮ? ಹಿಂದೆ ಜನ ಕಾಯ್ತಾವ್ರೆ," ಎಂದು ಹೊರಗಿನಿಂದ ಯಾರೋ ಕೂಗಿದರು.

ಅವಳು ಎಳೆಯನ್ನು ಚೀಟಿಗೆ ಸುತ್ತಿ ಏಣಿಯ ಪೆಟ್ಟಿಗೆಗೆ ತಳ್ಳಿದಳು.

ಪಟೇಲ ಗೆದ್ದ. ವಾಯಿದೆಯ ದಿನ ಶಂಕರಲಿಂಗಪ್ಪ ಅದೇ ಮಾಸಿದ ಕರಿ ಕೋಟಿನಲ್ಲಿ ಕೋರ್ಟಿಗೆ ಬಂದರು.

"ಊರೆಲ್ಲ ಕೈಬಿಟ್ಟರೂ ನೀನು ಮಾತು ಉಳಿಸಿಕೊಂಡೆಯಮ್ಮ," ಎಂದರು. "ಎಲ್ಲಿ, ಸಾಕ್ಷಿ ಗಂಗಯ್ಯ?"

"ಬರಕ್ಕಿಲ್ಲ ಅಂದ್ಬುಟ್ಟ. ಪಟೇಲ್ರು ಈಗ ಎಮ್ಮೆಲ್ಲೆ ಅಲ್ವಾ ಅಂತಾನೆ."

ವಕೀಲರು ಬಿಚ್ಚಿದ್ದ ಕಾಗದದ ಕಟ್ಟನ್ನು ಮತ್ತೆ ಕಟ್ಟಿದರು. ಇದ್ದ ಸಾಕ್ಷಿ ಅವನೊಬ್ಬನೇ.

"ಇರಲಿ. ನಾನಿದ್ದೀನಲ್ಲ."

"ನೀವಿರ್ಲಿ ಅಂತಲೇ ಸ್ವಾಮಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಒಳಗಿನಿಂದ ಸಣ್ಣರಂಗಯ್ಯನ ಹೆಸರು ಕೂಗಿದರು.