ಲಾಭದ ನಂತರದ ಸಾಲು

ನಿಪ್ಪಾಣಿಯ ಆ ಬೀಡಿ ವಖಾರಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ತೋರಿಸುವ ಮುಖ ಯಾವಾಗಲೂ ಮುನೀಮ ವಿಕ್ರಾಂತನ ಕಡೆಗೇ. ಬೀಡಿ ಕಟ್ಟುವ ಹೆಂಗಸರಿಗೆ ಕೊಡುವ ತಂಬಾಕು ಎಷ್ಟು ತೂಗಿತೆಂದು ಅವನ ಬಾಯಿಂದಲೇ ತಿಳಿಯಬೇಕು. ಕಿಲೋ ಅನ್ನುತ್ತಾನೆ, ಮನೆಗೆ ಹೋದರೆ ಚೀಲ ಹಗುರ. ಕಮ್ಮಿ ತಂಬಾಕಿನಲ್ಲಿ ಕಿಲೋದ ಲೆಕ್ಕಕ್ಕೆ ಪೂರ್ತಿ ಬೀಡಿ ಎಲ್ಲಿಂದ ತರಬೇಕು? ಅಮ್ಮಿ ಕಮರುನ್ನಿಸಾ ಹಲ್ಲು ಕಚ್ಚಿ ಸುಮ್ಮನಿರುವುದನ್ನು ನೋಡಿ ನೋಡಿ ಮಗಳು ಅಲ್ಫಿಯಾಗೆ ಮೈ ಉರಿಯುತ್ತಿತ್ತು. ಕಂಪ್ಯೂಟರ್ ಕಲಿತವಳು, ಮಾಲೀಕ ಭಾವುಸಾಹೇಬರ ಬೆನ್ನುಬಿದ್ದು, ತಕ್ಕಡಿಯನ್ನು ಹಳೆಯದೊಂದು ಕಂಪ್ಯೂಟರಿಗೆ ಜೋಡಿಸಿ, ಪರದೆಯನ್ನು ಹೆಂಗಸರತ್ತ ತಿರುಗಿಸಿಯೇಬಿಟ್ಟಳು.

ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು, ಪಕ್ಕದಲ್ಲಿ ತೂಕ. ಪ್ರತಿ ಸಲ ಎಲ್ಲ ಅಳಿಸಿ ಬರೆದರೆ ಪರದೆ ಮಿಣುಕುತ್ತದೆ, ಮಿಣುಕಿದರೆ ಸಂಶಯ ಹುಟ್ಟುತ್ತದೆ. ಅದಕ್ಕೇ ಕರ್ಸರನ್ನು ಬೇಕಾದ ಸಾಲಿಗೆ ಒಯ್ದು ಅಲ್ಲಿಯ ಅಂಕಿಯನ್ನಷ್ಟೇ ಬದಲಿಸುವ, ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮಿನ ಲೈಬ್ರರಿಯೊಂದನ್ನು ಬಳಸಿದ್ದಳು.

ಮೊದಲ ತೂಕ ಲಕ್ಕವ್ವನದು, ಅವಳ ಹೆಸರಿನ ಮುಂದೆಯೇ ಬಂತು. ಎರಡನೆಯದು ಅಮ್ಮಿಯದು. ಅಂಕಿ ಹೋಗಿ ಕೆಳಗಿನ ದ್ರೌಪದಿಯ ಹೆಸರಿನ ಮುಂದೆ ಕೂತಿತು!

"ಅಯ್ಯ, ನಾ ಇನ್ನೂ ತಕ್ಕಡಿ ಹತ್ರಾನೂ ಬಂದಿಲ್ಲಲ್ಲಬೇ!" ಎಂದಳು ದ್ರೌಪದಿ.

ವಿಕ್ರಾಂತ ಕಿಸಕ್ಕನೆ ನಕ್ಕ. "ಸಾಹುಕಾರ್ರ, ಇದನ್ನ ತಗಸ್ರಿ. ನಾ ಬಾಯ್ಲೇ ಹೇಳ್ತೀನಿ."

"ಈಗ ಸರಿ ಆಗ್ಲಿಲ್ಲಂದ್ರ ತಗಿಯೂದ ನೋಡವಾ," ಎಂದರು ಭಾವುಸಾಹೇಬರು.

"ತಗಿಯೂದ ಬ್ಯಾಡ್ರಿ. ಸರಿ ಮಾಡೇ ಮಾಡ್ತೀನಿ." ಅಲ್ಫಿಯಾ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಂಡಳು.

ತಾನು ಬರೆದ ಪ್ರೋಗ್ರಾಮನ್ನೆಲ್ಲ ಮೇಲಿನಿಂದ ಓದಿದಳು. ಸಿಕ್ಕಿತು ಎಡವಟ್ಟು. ಅಳೆಯುವಾಗ ಈ ಕಡೆ ಯಾರೂ ಮೊದಲಿನದನ್ನು 'ಒಂದು' ಅನ್ನುವುದಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಸುತ್ತಾರೆ. ಲೈಬ್ರರಿಗೋ ಮೊದಲ ಸಾಲು ಸೊನ್ನೆ, ಎರಡನೆಯದು ಒಂದು. ಇವಳು ಲಾಭಕ್ಕೆ ಸೊನ್ನೆ ಕೊಟ್ಟು, ಬಾಯಿರೂಢಿಯಂತೆ ನೇರ ಎರಡಕ್ಕೆ ಜಿಗಿದಿದ್ದಳು; ಲೈಬ್ರರಿಯ ಲೆಕ್ಕದಲ್ಲಿ ಅದು ಮೂರನೆಯ ಸಾಲು. ಮನೆಯಲ್ಲಿ ಒಂದೇ ಹೆಸರು ಹಾಕಿ ನೋಡಿದ್ದರಿಂದ ಗೊತ್ತಾಗಿರಲಿಲ್ಲ. ಎಂಥಾ ಹುಚ್ಚಿ ನಾ ಎಂದು ತನ್ನನ್ನೇ ಬೈದುಕೊಂಡು ತಿದ್ದಿದಳು.

"ಅಮ್ಮಿ, ಚೀಲ ಮತ್ತ ಇಡು."

ಅಮ್ಮಿ ಇಟ್ಟಳು. ಅಂಕಿ ಕಮರುನ್ನಿಸಾ ಎಂಬ ಹೆಸರಿನ ಪಕ್ಕದಲ್ಲೇ ಬಂದು ನಿಂತಿತು. ಪರದೆ ಮಿಣುಕಲಿಲ್ಲ.

"ಬರೋಬರಿ ಕಿಲೋ ಐತಿ, ಮುಂದ ನಡಿ," ಎಂದ ವಿಕ್ರಾಂತ, ಪರದೆಯತ್ತ ನೋಡದೆ, ದಿನದ ರೂಢಿಯಂತೆ.

ಅಮ್ಮಿ ಕದಲಲಿಲ್ಲ. ಸೆರಗು ಸರಿಮಾಡಿಕೊಂಡು ಪರದೆಯನ್ನು ನೋಡಿದಳು, ಅವನನ್ನು ನೋಡಿದಳು. ಇಷ್ಟು ವರ್ಷದಲ್ಲಿ ವಖಾರಿಯೊಳಗೆ ಅವಳ ದನಿ ಗಟ್ಟಿಯಾಗಿ ಕೇಳಿದ್ದು ಅಂದೇ.

"ಕಮ್ಮಿ ಐತ್ರಿ ಮುನೀಮ್ರ. ಇನ್ನಷ್ಟ ಹಾಕ್ರಿ."