ಲಿಮಾದ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಬ್ರಿಸ್ಬೇನಿನ ರೈಲುಗಳ ಮೊದಲ ಡಬ್ಬಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಜನ ಆ ನಿಯಮವನ್ನು ವ್ರತದ ಹಾಗೆ ಪಾಲಿಸುತ್ತಾರೆ. ಅಂಥ ಡಬ್ಬಿಯಲ್ಲಿ ಬೆಳಿಗ್ಗೆ ಆಫೀಸಿಗೆ ಹೊರಟಿದ್ದ ಪದ್ಮಾಳ ಫೋನು ಸ್ಪ್ರಿಂಗ್‌ಫೀಲ್ಡ್ ದಾಟುತ್ತಲೇ ಬಡಿದುಕೊಂಡಿತು.

"ಪದ್ಮಾ, ನಾನಮ್ಮಾ, ಸೋಮಶೇಖರ. ಕಳೆದುಹೋಗ್ಬಿಟ್ಟಿದ್ದೀನಿ!"

ಸೋಮಶೇಖರ ಅಂಕಲ್ ಇದ್ದದ್ದು ಸಾಗರದಾಚೆ, ಪೆರುವಿನ ಲಿಮಾ ನಗರದಲ್ಲಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಿಂದ ಹಿರಿಯ ಕನ್ನಡಿಗರನ್ನು ಒಟ್ಟುಗೂಡಿಸಿ ಅಲ್ಲಿಗೆ ಪ್ರವಾಸ ಕಳಿಸಿದವಳು ಪದ್ಮಾ. ಯಾವ ಇಗರ್ಜಿ ಮೊದಲು, ಯಾವ ಮ್ಯೂಸಿಯಂ ಆದಮೇಲೆ ಎಲ್ಲಿ ಕಾಫಿ, ಎಲ್ಲವೂ ಅವಳದೇ ಏರ್ಪಾಡು. ಆದರೆ ಆ ಊರನ್ನು ಅವಳು ಕಣ್ಣಾರೆ ಕಂಡಿರಲಿಲ್ಲ. ಟ್ರಾವೆಲ್ ಆಫೀಸಿನ ಮೇಜಿನ ಮುಂದೆ ಕೂತು, ಕಂಪ್ಯೂಟರ್ ನಕ್ಷೆಯ ಬೀದಿಚಿತ್ರಗಳಲ್ಲಿ ವರ್ಷಗಟ್ಟಲೆ ಅಲೆದು ಬಾಯಿಪಾಠ ಮಾಡಿಕೊಂಡಿದ್ದಳು, ಅಷ್ಟೇ. ಪರ್ತ್‌ನ ಗಣಿ ಕಂಪನಿಯಿಂದ ನಿವೃತ್ತರಾದ ಈ ಅಂಕಲ್ ಹೊರಡುವ ಮುಂಚೆ, "ನೀನು ನೋಡಿದ್ದೀಯೇನಮ್ಮಾ?" ಎಂದಾಗ, "ಗಲ್ಲಿಗಲ್ಲಿ ಗೊತ್ತು ಅಂಕಲ್" ಎಂದು ಜಾರಿಕೊಂಡಿದ್ದಳು. ಈಗ ದಾರಿ ತಪ್ಪಿಸಿದರೆ ಆ ಮಾತಿನ ಬಣ್ಣ ಬಯಲಾಗುತ್ತದೆ. ಅದು ಹಾಳಾಗಲಿ, ವಯಸ್ಸಾದ ಜೀವ, ಭಾಷೆ ಬಾರದ ಊರು!

"ಗೈಡ್ ಎಲ್ಲಿ ಅಂಕಲ್?"

"ಎಲ್ಲರನ್ನೂ ಇಗರ್ಜಿ ಕೆಳಗಿನ ನೆಲಮಾಳಿಗೇಗೆ ಕರ್ಕೊಂಡು ಹೋದ. ಅಲ್ಲಿ ಬರೀ ಎಲುಬು, ತಲೆಬುರುಡೆ ಅಂತೆ. ದೇವರ ಮುಖ ನೋಡಿದ್ಮೇಲೆ ಅದನ್ಯಾರು ನೋಡ್ತಾರೆ? ವಾಪಸ್ ಬಂದೆ, ಯಾವ್ದೋ ಬೇರೆ ಬಾಗಿಲಿಂದ ಹೊರಗೆ ಬಂದ್ಬಿಟ್ಟೆ. ಜನ ಹೋಗ್ತಿದ್ರಲ್ಲ, ಹಿಂದೇನೇ ಹೋದೆ. ಗೈಡ್‌ಗೆ ಫೋನ್ ಹೋಗ್ತಿಲ್ಲ. ಬರಿಗಾಲು ಬೇರೆ."

"ಚಪ್ಪಲಿ?"

"ಇಗರ್ಜಿ ಮುಂದೆ ಬಿಟ್ಟೆ. ದೇವರ ಮನೇಗೆ ಮೆಟ್ಕೊಂಡು ಹೋಗೋಕಾಗತ್ತಾ?"

ಎದುರಿನ ಸೀಟಿನ ಹೆಂಗಸು ಗೋಡೆಯ ಫಲಕದತ್ತ ಬೆರಳು ತೋರಿಸಿದಳು. ಪದ್ಮಾ ಕೈಮುಗಿದು, ಕಣ್ಣುಮುಚ್ಚಿ ಮಾತು ಮುಂದುವರಿಸಿದಳು.

"ಎದುರಿಗೆ ಏನಿದೆ?"

"ದೊಡ್ಡ ಚೌಕ, ಕಾರಂಜಿ. ಆಚೆಗೊಂದು ಅರಮನೆ, ಕಾವಲಿನವರು."

ಮುಚ್ಚಿದ ಕಣ್ಣೊಳಗೆ ಊರು ಎದ್ದು ನಿಂತಿತು.

"ಅರಮನೆಗೆ ಮುಖ ಮಾಡಿ. ಅದರ ಬಲಗಡೆ ಗೋಡೆ ಪಕ್ಕ ಒಂದು ರಸ್ತೆ ಇದೆಯಲ್ಲ, ಅದ್ರಲ್ಲಿ ನೇರ ಹೋಗಿ. ಹಳೇ ರೈಲ್ವೆ ಸ್ಟೇಷನ್ ಸಿಗತ್ತೆ, ನೆತ್ತಿ ಮೇಲೆ ಗಡಿಯಾರ."

ರೈಲು ಡಾರಾ ದಾಟಿತು, ಆಕ್ಸ್‌ಲಿ ದಾಟಿತು. ಫೋನಿನಲ್ಲಿ ಅಂಕಲ್ಲಿನ ಏದುಸಿರು ಮಾತ್ರ ಕೇಳುತ್ತಿತ್ತು. ಆ ಸ್ಟೇಷನ್ ಕೆಡವಿದ್ದರೆ? ಬೀದಿಚಿತ್ರ ಹಳೆಯದಾಗಿದ್ದರೆ?

"ಗಡಿಯಾರ ಸಿಕ್ತು!"

"ಬಲಕ್ಕೆ ತಿರುಗಿ. ಹಳದಿ ಇಗರ್ಜಿ, ಮುಂದೆ ರಾಶಿ ಪಾರಿವಾಳ. ಚಪ್ಪಲಿ ಬಿಟ್ಟ ಬಾಗಿಲಿಗೇ ಹೋಗಿ ಅಂಕಲ್. ಅದನ್ನ ನೋಡಿದ್ರೆ ನಮ್ಮವರು ಯಾರೂ ನಿಮ್ಮನ್ನ ಬಿಟ್ಟು ಕದಲಲ್ಲ."

ಸ್ವಲ್ಪ ಹೊತ್ತಿಗೆ ಆ ಕಡೆ ಕನ್ನಡದ ಗದ್ದಲವೇ ಕೇಳಿಸಿತು. ಎಲ್ಲರೂ ಚಪ್ಪಲಿಯ ಸುತ್ತ ನಿಂತು ಗೈಡನ್ನು ದಬಾಯಿಸುತ್ತಿದ್ದರು. ಪದ್ಮಾಗೆ ಹೋದ ಜೀವ ಬಂದಂತಾಯಿತು.

"ಕೈಹಿಡಿದು ನಡೆಸಿದ ಹಾಗೆ ಕರ್ಕೊಂಡು ಬಂದೆಯಲ್ಲಮ್ಮಾ! ನೀನು ಇಲ್ಲಿಗೆ ಯಾವಾಗ ಬಂದಿದ್ದೆ?"

ಈ ಸಲ ಅವಳು ಜಾರಿಕೊಳ್ಳಲಿಲ್ಲ. "ಬಂದೇ ಇಲ್ಲ ಅಂಕಲ್. ಎಲ್ಲಾ ಕಂಪ್ಯೂಟರಲ್ಲಿ ನೋಡಿದ್ದು."

ಅಂಕಲ್ ದನಿಯೆತ್ತಿ ಎಲ್ಲರಿಗೂ ಸಾರಿದರು: "ಕೇಳಿದ್ರಾ? ನಮ್ಮ ಹುಡುಗಿ ಈ ಊರನ್ನ ನೋಡೇ ಇಲ್ಲವಂತೆ! ನೋಡ್ದೇನೇ ನನ್ನನ್ನ ಇಲ್ಲಿಗೆ ಮುಟ್ಟಿಸಿದ್ಲು!" ಆ ದನಿಯಲ್ಲಿ ಸ್ವಂತ ಮಗಳು ಚಿನ್ನದ ಪದಕ ತಂದಷ್ಟು ಹೆಮ್ಮೆಯಿತ್ತು.

"ಇರಮ್ಮಾ, ಫೋನ್ ಇಡ್ಬೇಡ. ಈಗ ನಾನು ತೋರಿಸ್ತೀನಿ."

ಪರದೆಯ ಮೇಲೆ ವಿಡಿಯೋ ತೆರೆದುಕೊಂಡಿತು. ಅಲ್ಲಿನ್ನೂ ನಿನ್ನೆಯ ಸಂಜೆ ಬಿಸಿಲು, ಹಳದಿ ಗೋಪುರಗಳು, ಒಮ್ಮೆಲೇ ಮೇಲೆದ್ದ ಪಾರಿವಾಳಗಳು. ಬೀದಿಚಿತ್ರದಲ್ಲಿ ಅವು ಯಾವತ್ತೂ ಹಾರಿರಲಿಲ್ಲ. ಪದ್ಮಾಳ ಎದೆ ಉಬ್ಬಿತು, ಕಣ್ಣು ತುಂಬಿತು. ಎದುರಿನ ಹೆಂಗಸು ಮೆಲ್ಲಗೆ ಬಗ್ಗಿ ನೋಡಿ, ಅದು ಯಾವ ಊರು ಎಂದು ಪಿಸುಗುಟ್ಟಿದಳು.

ಪದ್ಮಾ ಫೋನನ್ನು ಅವಳ ಕಡೆ ತಿರುಗಿಸಿ, ಇಡೀ ಡಬ್ಬಿಗೆ ಕೇಳುವ ಹಾಗೆ ಹೇಳಿದಳು: "ಮೈ ಸಿಟಿ."