ಹಾರಲು ಹೊರಟವರು, ಹಳಿ ಹಿಡಿದವರು

ಬೆಂಗಳೂರಿನಲ್ಲಿ ಕಾಶೀರಾಮರ ತಮ್ಮ ನಾಗಸೇನ ಹೊಸ ಮನೆ ಕಟ್ಟಿಸಿದ್ದ. ರವಿವಾರ ಗೃಹಪ್ರವೇಶದ ಬುದ್ಧ ವಂದನೆ. ಭಾಲ್ಕಿಯ ನಿವೃತ್ತ ಭೂಗೋಳ ಮಾಸ್ತರ ಕಾಶೀರಾಮ ವಾರದಿಂದ ಗೋಡೆಯ ನಕಾಶೆಯ ಮೇಲೆ ದಾರ ಎಳೆದು ಹೆಂಡತಿ ಅಂಜನಾಬಾಯಿಗೆ ಪಾಠ ಹೇಳುತ್ತಿದ್ದರು. ಬೀದರದಿಂದ ರಸ್ತೆ ಹಾವಿನಂತೆ ಹೊರಳುತ್ತದೆ, ವಿಮಾನ ದಾರದಂತೆ ನೆಟ್ಟಗೆ ಹೋಗುತ್ತದೆ. ರೈಲಿಗೆ ಇಡೀ ರಾತ್ರಿ ಬೇಕು, ವಿಮಾನಕ್ಕೆ ತಾಸು, ಹೆಚ್ಚೆಂದರೆ ಸವ್ವಾ ತಾಸು. ಅಂಜನಾಬಾಯಿಗೆ ಲೆಕ್ಕ ಒಪ್ಪಿತು, ವಿಮಾನ ಒಪ್ಪಲಿಲ್ಲ. ಕಾಲ ಕೆಳಗೆ ನೆಲವಿಲ್ಲದ ಗಾಡಿ ತನಗೆ ಬೇಡವೆಂದಳು. ಕಡೆಗೆ ಹಟ ಹಿಡಿದು ಆಕೆ ಶುಕ್ರವಾರ ಸಂಜೆಯ ರೈಲಿಗೂ, ಅವರು ಶನಿವಾರದ ವಿಮಾನಕ್ಕೂ ಟಿಕೀಟು ತೆಗೆಸಿದರು. ನಾಗಸೇನನಿಗೆ ಮಾತ್ರ ವಂದನೆಯ ಹೊತ್ತಿಗೆ ಬರುತ್ತೇವೆ ಎಂದಷ್ಟೇ ಹೇಳಿದ್ದರು.

ಶುಕ್ರವಾರ ಅಂಜನಾಬಾಯಿ ಅಕ್ಕನನ್ನು ಕಾಣಲು ಔರಾದಿಗೆ ಹೋಗಿ, ಅಲ್ಲಿಂದ ಬೀದರಕ್ಕೆ ಹೊರಟಳು. ಜನವಾಡದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇಳಿದವರೆಲ್ಲ ನೂಕಿದರೂ ಅದು ಕೆಮ್ಮಿತೇ ಹೊರತು ಕದಲಲಿಲ್ಲ. ಆಕೆ ಟೇಶನ್ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು. ಗಂಡನಿಗೆ ತಿಳಿದರೆ ಭಾಲ್ಕಿಯ ತುಂಬ ಡಂಗುರ. ಬೀದರದಲ್ಲಿದ್ದ ತಂಗಿಯ ಮಗಳು ಕರುಣಾಳ ಮನೆಯಲ್ಲಿ ಮಲಗಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡಳು.

ಮರುದಿನ ಮಂಜು ಮುಸುಕಿ ವಿಮಾನ ರದ್ದಾಯಿತು. ಓಣಿಯವರಿಗೆಲ್ಲ ಕೈಬೀಸಿ ಬಂದಿದ್ದ ಕಾಶೀರಾಮರು ಮಧ್ಯಾಹ್ನದವರೆಗೆ ಬೀದರದಲ್ಲೇ ಅಲೆದಾಡಿ, ಗಾಂಧಿ ಗಂಜದ ಮೂಲೆಯಲ್ಲಿ ನಿಂತು ಹೆಂಡತಿಗೆ ಫೋನು ಹಚ್ಚಿದರು.

"ಮುಟ್ಟಿದೆ ನೋಡು. ಕಣ್ಣ ಮುಚ್ಚಿ ತೆಗ್ಯೋದ್ರಾಗ ಬೆಂಗಳೂರು."

"ನಾನೂ ಮುಂಜಾನಿನೇ ಮುಟ್ಟೀನ್ರಿ. ನಾಗಸೇನನ ಮನ್ಯಾಗ ನಿಮಗ ಚಾ ಇಟ್ಟೀನಿ, ಲಗೂನ ಬರ್ರಿ."

ಫೋನು ಇಟ್ಟ ಮೇಲೆ ಇಬ್ಬರಿಗೂ ಬೆವರು. ಚಹಾ ಇಟ್ಟು ಕಾಯುತ್ತಿರುವಾಕೆಗೆ ಏನು ಹೇಳಲಿ ಎಂದು ಅವರಿಗೆ. ತಾನಿಲ್ಲದ ಮನೆಗೆ ಗಂಡ ಈಗ ಕಾಲಿಡುತ್ತಾರಲ್ಲ ಎಂದು ಈಕೆಗೆ.

ಸಂಜೆ ಕಾಶೀರಾಮರು ಬೆಂಗಳೂರಿನ ಸ್ಲೀಪರ್ ಬಸ್ಸು ಹತ್ತಿದರು. ತಮ್ಮ ಬರ್ತಿಗೆ ಬ್ಯಾಗು ಏರಿಸುವಾಗ ಎದುರಿನ ಪರದೆ ಸರಿಯಿತು. ಒಳಗೆ ಅಂಜನಾಬಾಯಿ ಶೇಂಗಾ ಸುಲಿಯುತ್ತಿದ್ದಳು.

ಹುಮನಾಬಾದ ದಾಟುವ ತನಕ ಆಕೆ ಶೇಂಗಾ ಸುಲಿದಳು, ಅವರು ಬ್ಯಾಗಿನ ಜಿಪ್ಪು ಎಳೆದು ಬಿಟ್ಟು ಮಾಡಿದರು. ಆಮೇಲೆ ಆಕೆ ಮೆಲ್ಲಗೆ ಕೇಳಿದಳು, "ಬೆಂಗಳೂರಾಗ ಹವಾ ಹ್ಯಾಂಗದರಿ?"

"ಥಂಡಿ ಅದ," ಎಂದರು ಕಾಶೀರಾಮ. "ನಿನ್ನ ಚಾ ಆರಿರಬೇಕು."

ಅಂಜನಾಬಾಯಿ ಪರದೆಯನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು. ಅವರಿಗೂ ತಡೆಯಲಾಗಲಿಲ್ಲ. ಕೆಳಗಿನ ಬರ್ತಿನವರು ಎರಡು ಸಲ ಗದರಿಸಿದರು.

ರವಿವಾರ ಬೆಳಿಗ್ಗೆ ನಾಗಸೇನ ಬಾಗಿಲಲ್ಲೇ ಚೀಲ ಇಸಿದುಕೊಂಡು, ಹ್ಯಾಂಗ ಬಂದಿರಿ ಎಂದು ಕೇಳಿದ.

"ರೈಲಿನಾಗ," ಎಂದರು ಕಾಶೀರಾಮ, ಹೆಂಡತಿಯ ಮಾನ ಉಳಿಸಲು.

"ವಿಮಾನದಾಗ," ಎಂದಳು ಅಂಜನಾಬಾಯಿ ಅದೇ ಉಸಿರಿಗೆ.

ನಾಗಸೇನ ಇಬ್ಬರನ್ನೂ ನೋಡಿದ, ಅಣ್ಣನ ಕೆನ್ನೆಯ ಮೇಲೆ ಒತ್ತಿದ್ದ ಬರ್ತಿನ ಗೆರೆಗಳನ್ನೂ ನೋಡಿದ. ಒಳಗಿನವರಿಗೆ ಕೂಗಿ ಸ್ನಾನಕ್ಕೆ ನೀರು ಕಾಸಲು ಹೇಳಿದ. ವಂದನೆ ನಡೆಯುವಾಗ ಕಾಶೀರಾಮರು ಕೈಮುಗಿದುಕೊಂಡೇ ನಿದ್ದೆಹೋದರು. ಅಂಜನಾಬಾಯಿ ಹೆಗಲು ಕೊಟ್ಟು, ಗೊರಕೆ ಬಂದಾಗಲೆಲ್ಲ ತುಸು ಜೋರಾಗಿ ಬುದ್ಧಂ ಶರಣಂ ಹೇಳಿದಳು.